ಮೊಣಕಾಲಿನ ಊತ ಮತ್ತು ಒಂದು ಹಳೆಯ ಬಾಸುಂಡೆ



ಕಳೆದ ತಿಂಗಳು ಬಂಧುಗಳ ಮನೆಯ ಮದುವೆಯೊಂದರಲ್ಲಿ ನಾನು ಯಾರ ಆಸರೆಯೂ ಇಲ್ಲದೆ ಛತ್ರದ ಮೆಟ್ಟಿಲುಗಳನ್ನು ಹತ್ತಿ ಬಂದದ್ದನ್ನು ಕಂಡು ಹಲವರು ಸುತ್ತ ನೆರೆದರು. ಅವರಲ್ಲಿ ಮೂವರು ನನ್ನ ಹಳೆಯ ವಿದ್ಯಾರ್ಥಿಗಳು. 1974ರಲ್ಲಿ ನಾನು ಪಾಠ ಹೇಳಿದ ಮೊದಲ ತಂಡದವರಿಗೇ ಈಗ ಅರವತ್ತು ದಾಟಿದೆ. ಅವರೂ ಮಂಡಿ ಹಿಡಿದುಕೊಂಡು ಕೂರುವ, ಮಂಡಿ ಹಿಡಿದುಕೊಂಡು ಏಳುವ ವಯಸ್ಸಿಗೆ ಬಂದಿದ್ದಾರೆ. "ಸಾರ್, ಆಪರೇಷನ್ ಆದ ಮೇಲೆ ತುಂಬಾ ನೋವಿರುತ್ತಾ?" ಎಂದು ಎಲ್ಲರೂ ಕೇಳಿದರು. ಊತದ ವಿಷಯವನ್ನು ಒಬ್ಬರೂ ಕೇಳಲಿಲ್ಲ. ನನ್ನ ಸರದಿ ಬಂದಾಗ ನಾನೂ ಕೇಳಿರಲಿಲ್ಲ. ಆದ್ದರಿಂದಲೇ ಈ ಬರಹ.

2024ರ ನವೆಂಬರ್ ತಿಂಗಳಿನಲ್ಲಿ ನನ್ನ ಬಲಗಾಲಿನ ಮಂಡಿಯನ್ನು ಬದಲಾಯಿಸಿದರು. ಸವೆದುಹೋಗಿದ್ದ ಮೂಳೆಯ ತುದಿಗಳನ್ನು ಕತ್ತರಿಸಿ ತೆಗೆದು ಲೋಹದ ಟೋಪಿಗಳನ್ನು ತೊಡಿಸಿ, ನಡುವೆ ಗಟ್ಟಿಯಾದ ಪ್ಲಾಸ್ಟಿಕ್ಕಿನ ಬಿಲ್ಲೆಯೊಂದನ್ನು ಕೂರಿಸುವ ಕೆಲಸ ಅದು. ಶಸ್ತ್ರಚಿಕಿತ್ಸೆ ಸರಿಯಾಗಿಯೇ ಆಯಿತು. ಮರುದಿನವೇ ವಾಕರ್ ಹಿಡಿಸಿ ನಾಲ್ಕು ಹೆಜ್ಜೆ ನಡೆಸಿದರು. ನೋವಿಗೆ ಮಾತ್ರೆ, ಚುಚ್ಚುಮದ್ದುಗಳಿದ್ದವು. ಐದನೆಯ ದಿನ ಮನೆಗೆ ಕಳುಹಿಸಿದರು. ಇಲ್ಲಿಯವರೆಗಿನದು ಎಲ್ಲರಿಗೂ ಗೊತ್ತಿರುವ ಕಥೆ. ನಾನು ಹೇಳಬೇಕೆಂದಿರುವುದು ಮನೆಗೆ ಬಂದ ಮೇಲಿನ ಕಥೆ.

ಆರನೆಯ ದಿನ ಬೆಳಿಗ್ಗೆ ನನ್ನ ಶ್ರೀಮತಿ ಕಾಲಿಗೆ ತೊಡಿಸಿದ್ದ ಬಿಗಿಯಾದ ಉದ್ದ ಕಾಲುಚೀಲವನ್ನು ತೆಗೆದವಳು, "ರೀ, ಇಲ್ನೋಡಿ!" ಎಂದು ಬೆಚ್ಚಿಬಿದ್ದಳು. ಮಂಡಿಯ ಊತವನ್ನು ನಾನು ನಿರೀಕ್ಷಿಸಿದ್ದೆ. ಆದರೆ ತೊಡೆಯಿಂದ ಪಾದದ ಬೆರಳುಗಳವರೆಗೆ ಕಾಲೆಂಬ ಕಾಲೇ ಊದಿಕೊಂಡಿತ್ತು. ತೊಡೆಯನ್ನು ಬಾಳೆದಿಂಡಿಗೆ ಹೋಲಿಸಿದ ನಮ್ಮ ಕವಿಗಳು ಇದನ್ನು ಕಂಡಿದ್ದರೆ ಆ ಉಪಮೆಯನ್ನೇ ಕೈಬಿಡುತ್ತಿದ್ದರು. ಇನ್ನೂ ಭಯಂಕರವಾಗಿದ್ದುದು ಬಣ್ಣ. ತೊಡೆಯ ಹಿಂಭಾಗ, ಮೀನಖಂಡ, ಪಾದದ ಹರಡು ಎಲ್ಲವೂ ಮಾಗಿದ ನೇರಳೆಹಣ್ಣನ್ನು ಹಿಸುಕಿ ಬಳಿದಂತಿದ್ದವು. ಕೊಯ್ದದ್ದು ಮಂಡಿಯ ಮುಂಭಾಗದಲ್ಲಿ, ಕಪ್ಪಾದದ್ದು ಕಾಲಿನ ಹಿಂಭಾಗದಲ್ಲಿ! ಆಪರೇಷನ್ ಕೆಟ್ಟಿತೆಂದೇ ಇಬ್ಬರೂ ತಿಳಿದೆವು.

ಗಾಬರಿಯಿಂದ ಆಸ್ಪತ್ರೆಗೆ ಫೋನ್ ಮಾಡಿದಾಗ, ಪ್ರತಿದಿನ ಸಂಜೆ ಮನೆಗೆ ಬಂದು ವ್ಯಾಯಾಮ ಮಾಡಿಸಬೇಕಾಗಿದ್ದ ಫಿಸಿಯೋಥೆರಪಿಯ ಹುಡುಗಿ ಅಂದು ಸ್ವಲ್ಪ ಬೇಗನೆ ಬಂದಳು. ಕಾಲನ್ನು ನೋಡಿ ನಕ್ಕು, "ಸಾರ್, ನೀವು ಸೈನ್ಸ್ ಮೇಷ್ಟ್ರು ಅಂತ ಹೇಳಿದ್ರಲ್ಲ. ನೀರು ಯಾವ ಕಡೆ ಹರಿಯುತ್ತೆ?" ಎಂದಳು. ನನಗೆ ನಾಚಿಕೆಯಾಯಿತು. ಮೂವತ್ತಮೂರು ವರ್ಷ ಗುರುತ್ವಾಕರ್ಷಣೆಯನ್ನು ಬೋಧಿಸಿದವನಿಗೆ, ತನ್ನ ಕಾಲಿನೊಳಗಿನ ರಕ್ತಕ್ಕೂ ಅದೇ ನಿಯಮವೆಂಬುದು ಹೊಳೆದಿರಲಿಲ್ಲ.

ವಿಷಯ ಇಷ್ಟೇ. ಮೂಳೆಯ ಒಳಭಾಗ ಸ್ಪಂಜಿನಂತಹುದು, ರಕ್ತ ತುಂಬಿದ್ದು. ಅದನ್ನು ಕತ್ತರಿಸಿದಾಗ ಹೊಲಿಗೆ ಹಾಕಿದ ಮೇಲೂ ಕೆಲಕಾಲ ಒಳಗೊಳಗೇ ರಕ್ತ ಜಿನುಗುತ್ತದೆ. ಜೊತೆಗೆ, ರಕ್ತ ಹೆಪ್ಪುಗಟ್ಟದಿರಲೆಂದು ಕೊಡುವ ಮಾತ್ರೆಗಳು ಈ ಜಿನುಗುವಿಕೆಯನ್ನು ತುಸು ಹೆಚ್ಚಿಸುತ್ತವೆ. ಹೀಗೆ ಸೋರಿದ ರಕ್ತ ಮಾಂಸಖಂಡಗಳ ಪದರಗಳ ನಡುವೆ ದಾರಿ ಮಾಡಿಕೊಂಡು, ಮಲಗಿದ್ದಾಗ ಹಿಂದಕ್ಕೂ, ಕುಳಿತಾಗ ನಿಂತಾಗ ಕೆಳಕ್ಕೂ ಇಳಿಯುತ್ತದೆ. ಗಾಯವನ್ನು ವಾಸಿಮಾಡಲು ದೇಹವೇ ಅಲ್ಲಿಗೆ ಹೆಚ್ಚು ದ್ರವವನ್ನು ಕಳುಹಿಸುತ್ತದೆ, ಅದೇ ಊತ. ಒಡೆದ ಕಾಲುವೆಯನ್ನು ಕಟ್ಟಲು ಊರಿನವರೆಲ್ಲ ಒಮ್ಮೆಗೇ ನುಗ್ಗಿದರೆ ಏರಿಯ ಮೇಲೆ ಕಾಲಿಡಲು ಜಾಗವಿರುವುದಿಲ್ಲವಷ್ಟೆ, ಹಾಗೆ.

ಅಂದೇ ಒಂದು ನೋಟ್‌ಬುಕ್ಕು, ದರ್ಜಿಯ ಟೇಪು ತರಿಸಿದೆ. ಮಂಡಿಚಿಪ್ಪಿನ ನಡುಭಾಗದ ಸುತ್ತಳತೆಯನ್ನು ಬೆಳಿಗ್ಗೆ ಏಳುವ ಮುನ್ನ ಒಮ್ಮೆ, ರಾತ್ರಿ ಮಲಗುವ ಮುನ್ನ ಒಮ್ಮೆ ಬರೆದಿಡತೊಡಗಿದೆ. ಆಪರೇಷನ್ನಿಗೆ ಮುಂಚೆ 38 ಸೆಂ.ಮೀ. ಇದ್ದ ಮಂಡಿ ಎಂಟನೆಯ ದಿನ 43 ಮುಟ್ಟಿತು. ಮೊಮ್ಮಗಳ ಗ್ರಾಫ್ ಹಾಳೆಯಲ್ಲಿ ಚುಕ್ಕೆ ಇಟ್ಟು ಗೆರೆ ಎಳೆದೆ. ಇದು ಹುಚ್ಚೆಂದು ಮನೆಯವರೆಲ್ಲ ನಕ್ಕರು. ಆದರೆ ಆ ಗೆರೆ ನಾಲ್ಕೇ ದಿನಗಳಲ್ಲಿ ನನಗೆ ಒಂದು ಸಂಗತಿಯನ್ನು ತೋರಿಸಿಕೊಟ್ಟಿತು. ಬೆಳಗಿನ ಅಳತೆ ಕಡಿಮೆ, ರಾತ್ರಿಯ ಅಳತೆ ಹೆಚ್ಚು. ಅದು ಸಹಜ. ಆದರೆ ಯಾವ ದಿನ ನನ್ನನ್ನು ನೋಡಲು ಜನ ಹೆಚ್ಚಾಗಿ ಬಂದಿದ್ದರೋ ಆ ದಿನದ ರಾತ್ರಿಯ ಚುಕ್ಕೆ ಬೇರೆ ದಿನಗಳಿಗಿಂತ ಮೇಲಿತ್ತು!

ಕಾರಣ ನನ್ನ ಸಂಕೋಚ. ಹಿರಿಯರ ಮುಂದೆ, ಅತಿಥಿಗಳ ಮುಂದೆ ಕಾಲು ಚಾಚಬಾರದೆಂದು ಕಲಿತು ಬೆಳೆದವರು ನಾವು. ಯಾರಾದರೂ ಗೇಟು ತೆಗೆದ ಸದ್ದು ಕೇಳಿದೊಡನೆ ದಿಂಬಿನ ಮೇಲಿದ್ದ ಕಾಲನ್ನು ಕೆಳಗಿಳಿಸಿ ನೆಟ್ಟಗೆ ಕುಳಿತುಬಿಡುತ್ತಿದ್ದೆ. ಬಂದವರು ಕಾಫಿ ಕುಡಿದು, ತಮ್ಮ ಅತ್ತೆಯ ಮಂಡಿಯ ಕಥೆಯನ್ನೂ ಹೇಳಿ ಏಳುವ ಹೊತ್ತಿಗೆ ಗಂಟೆ ಕಳೆದಿರುತ್ತಿತ್ತು, ಪಾದ ಮಿನುಗುತ್ತಿತ್ತು. ಗ್ರಾಫನ್ನು ನೋಡಿದ ಫಿಸಿಯೋಥೆರಪಿಯ ಹುಡುಗಿ ಕಟ್ಟುನಿಟ್ಟಾಗಿ ಹೇಳಿದಳು: "ಸಾರ್, ಬರೋರಿಗೆ ನಿಮ್ಮ ಪಾದವೇ ಮೊದಲು ಕಾಣಲಿ. ಹಿಮ್ಮಡಿ ಎದೆಗಿಂತ ಎತ್ತರದಲ್ಲಿರಬೇಕು." ಮಂಡಿಯ ಕೆಳಗೆ ದಿಂಬು ತುರುಕಬಾರದು, ಹಿಮ್ಮಡಿ ಮತ್ತು ಮೀನಖಂಡದ ಕೆಳಗೆ ಇಡಬೇಕು. ಮಂಡಿಯ ಕೆಳಗೆ ಇಟ್ಟರೆ ಹಿತವೆನಿಸುತ್ತದೆ, ಆದರೆ ಕಾಲು ಬಾಗಿದಂತೆಯೇ ಗಟ್ಟಿಯಾಗಿ, ಮುಂದೆ ನೆಟ್ಟಗಾಗಲು ಹಟ ಮಾಡುತ್ತದೆ. ಹೀಗೆ ನಾನು ಬಂಧುಗಳಿಗೆಲ್ಲ ಪಾದವನ್ನು ತೋರಿಸುತ್ತ ಮೂರು ವಾರ ಮಲಗಿದೆ. ಬಂದವರು ಯಾರೂ ತಪ್ಪು ತಿಳಿಯಲಿಲ್ಲ. ಈಗಲೂ ಕ್ಷಮೆಯಿರಲಿ.

ಮಂಜುಗಡ್ಡೆಯ ಉಪಚಾರಕ್ಕೆ ನಮ್ಮ ಮನೆಯಲ್ಲಿ ಸಿಕ್ಕಿದ್ದು ಹಿಂದಿನ ಅವರೆಕಾಯಿ ಕಾಲದಲ್ಲಿ ಸುಲಿದು ಫ್ರೀಜರಿನಲ್ಲಿ ಇಟ್ಟಿದ್ದ ಕಾಳಿನ ಪೊಟ್ಟಣ. ಮಂಜುಗಡ್ಡೆಯ ತುಂಡುಗಳಿಗಿಂತ ಅದು ಎಷ್ಟೋ ವಾಸಿ, ಮಂಡಿಯ ಉಬ್ಬುತಗ್ಗುಗಳಿಗೆ ಚೆನ್ನಾಗಿ ಒಗ್ಗಿಕೊಳ್ಳುತ್ತದೆ. ತೆಳುವಾದ ಟವೆಲ್ಲಿನಲ್ಲಿ ಸುತ್ತಿ ಹದಿನೈದರಿಂದ ಇಪ್ಪತ್ತು ನಿಮಿಷ, ದಿನಕ್ಕೆ ನಾಲ್ಕೈದು ಬಾರಿ. ಬರಿಯ ಚರ್ಮಕ್ಕೆ ತಾಗಿಸಬಾರದು. ಮಂಡಿಯ ಹೊರಮಗ್ಗುಲಿನ ಚರ್ಮ ಆಪರೇಷನ್ನಿನ ನಂತರ ಬಹುಕಾಲ ಜೋಮು ಹಿಡಿದಂತಿರುವುದರಿಂದ, ಚಳಿಯಿಂದ ಸುಟ್ಟರೂ ನಮಗೆ ತಿಳಿಯದು. ಆ ಪೊಟ್ಟಣ ತಪ್ಪಿ ಉಪ್ಪಿಟ್ಟಿಗೆ ಹೋಗದಿರಲೆಂದು ನನ್ನ ಶ್ರೀಮತಿ ಅದಕ್ಕೆ ಕೆಂಪು ದಾರ ಕಟ್ಟಿದ್ದಳು.

ಇನ್ನೊಂದು ಕಡೆಯಿಂದ ನಂಜಿನ ವಾದ ಶುರುವಾಯಿತು. ಬದನೆಕಾಯಿ ನಂಜು, ಸಿಹಿಗುಂಬಳ ನಂಜು, ಆಲೂಗಡ್ಡೆ ವಾಯು, ಮೊಸರು ಬಾವು. ಈ ಪಟ್ಟಿಯ ಪ್ರಕಾರ ನಡೆದಿದ್ದರೆ ನನಗೆ ಉಳಿಯುತ್ತಿದ್ದುದು ಗಂಜಿ ಮತ್ತು ಸುಟ್ಟ ಹಪ್ಪಳ. ಗಾಯ ಮಾಯಲು ಪೌಷ್ಟಿಕ ಆಹಾರ ಬೇಕು, ಬೇಳೆ, ಕಾಳು, ಮೊಸರು ಚೆನ್ನಾಗಿ ತಿನ್ನಿ ಎಂದು ಡಾಕ್ಟರು ಹೇಳಿದ್ದರು. ಈ ಒಂದು ವಿಷಯದಲ್ಲಿ ನಾನು ಗೆದ್ದೆ. ಎಣ್ಣೆಯ ವಿಷಯದಲ್ಲಿ ಸೋತೆ.

ಹನ್ನೊಂದನೆಯ ದಿನ ನಮ್ಮ ಹತ್ತಿರದ ಬಂಧುವೊಬ್ಬರು ಎಳ್ಳೆಣ್ಣೆಗೆ ಏನೇನೋ ಸೊಪ್ಪು ಹಾಕಿ ಕಾಯಿಸಿ ಸೀಸೆಯಲ್ಲಿ ತಂದರು. ಹೆಸರು ಬರೆಯುವುದಿಲ್ಲ. ಅವರೂ ಇದನ್ನು ಓದುತ್ತಾರೆ, ಅವರ ಪ್ರೀತಿಯಲ್ಲಿ ನನಗೆ ಸಂದೇಹವೂ ಇಲ್ಲ. "ಕಟ್ಟಿದ ರಕ್ತ ನೀವಿದ್ರೆ ಕರಗುತ್ತೆ, ಸುಮ್ನಿರಿ ಭಾವ" ಎಂದು ಮೀನಖಂಡವನ್ನು ಬಿಸಿ ಎಣ್ಣೆ ಹಚ್ಚಿ ಬಲವಾಗಿ ನೀವಿ, ಬಿಸಿನೀರಿನ ಬಟ್ಟೆಯಿಂದ ಶಾಖವನ್ನೂ ಕೊಟ್ಟರು. ಬೇಡವೆನ್ನಲು ನನಗೆ ಬಾಯಿ ಬರಲಿಲ್ಲ. ಆ ಕ್ಷಣಕ್ಕೆ ಹಿತವಾಗಿಯೂ ಇತ್ತು.

ಮರುದಿನ ಬೆಳಿಗ್ಗೆ ಮೀನಖಂಡದಲ್ಲಿ ಬೇರೆ ಬಗೆಯ ನೋವು ಕಾಣಿಸಿಕೊಂಡಿತು. ಮುಟ್ಟಿದರೆ ಗಟ್ಟಿ, ಒಳಗೆ ಹಿಡಿದೆಳೆದಂತೆ. ಟೇಪು ಸುತ್ತಿ ನೋಡಿದೆ. ಎಡಗಾಲಿನ ಮೀನಖಂಡ 32, ಬಲಗಾಲಿನದು 35.5. ರಾತ್ರಿಯಿಡೀ ಎತ್ತರದಲ್ಲಿ ಇಟ್ಟಿದ್ದರೂ ಬೆಳಗಿನ ಅಳತೆ ಇಳಿದಿರಲಿಲ್ಲ. ಅದನ್ನು ನೋಟ್‌ಬುಕ್ಕಿನಲ್ಲಿ ಬರೆದೆ, ಯಾರಿಗೂ ಹೇಳಲಿಲ್ಲ. ಮಗ ಹತ್ತು ದಿನ ರಜೆ ಹಾಕಿ ನನ್ನ ಬಳಿ ಇದ್ದವನು ಹಿಂದಿನ ದಿನವಷ್ಟೇ ಬೆಂಗಳೂರಿಗೆ ಹಿಂದಿರುಗಿದ್ದ. ಮತ್ತೆ ಆಸ್ಪತ್ರೆ, ಮತ್ತೆ ಖರ್ಚು, ಎಣ್ಣೆ ತಂದವರ ಮೇಲೆ ಅಪವಾದ. ನಾಳೆ ಇಳಿಯಬಹುದೆಂದು ಸುಮ್ಮನಾದೆ. ಊತವೆಲ್ಲ ಒಂದೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ.

ಸಂಜೆ ನನ್ನ ಶ್ರೀಮತಿ ಕನ್ನಡಕ ಹಾಕಿಕೊಂಡು ನೋಟ್‌ಬುಕ್ಕಿನ ಆ ಪುಟವನ್ನು ಓದುತ್ತಿದ್ದಳು. "ಮಕ್ಕಳು ಲೆಕ್ಕ ಮಾಡಿ ಉತ್ತರ ಮುಚ್ಚಿಟ್ಟರೆ ನೀವು ಏನಂತಿದ್ರಿ?" ಎಂದು ಕೇಳಿದಳು, ಅಷ್ಟೆ. ಮುಂದಿನ ಅರ್ಧ ಗಂಟೆಯಲ್ಲಿ ನಾನು ಆಸ್ಪತ್ರೆಗೆ ಹೋಗುವ ಕಾರಿನಲ್ಲಿದ್ದೆ.

ಎರಡು ಮೀನಖಂಡಗಳ ನಡುವೆ 3 ಸೆಂ.ಮೀ.ಗಿಂತ ಹೆಚ್ಚು ವ್ಯತ್ಯಾಸವಿದ್ದರೆ ವೈದ್ಯರು ಅದನ್ನು ಲಘುವಾಗಿ ಪರಿಗಣಿಸುವುದಿಲ್ಲ. ಕಾಲಿನ ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದೆಂಬುದಕ್ಕೆ ಅದೊಂದು ಸೂಚನೆ. ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ. ಹೆಪ್ಪಿರುವ ಕಾಲನ್ನು ಬಲವಾಗಿ ನೀವುವುದೆಂದರೆ ಅದನ್ನು ಕಳಚಿ ಕಳುಹಿಸುವ ಕೆಲಸ. ಇದನ್ನು ಕೇಳಿದಾಗ ಎಳ್ಳೆಣ್ಣೆಯ ಹಿತವೆಲ್ಲ ಇಳಿದುಹೋಯಿತು.

ಡಾಪ್ಲರ್ ಪರೀಕ್ಷೆ ಮಾಡಿದರು. ರೈಲು ಹತ್ತಿರ ಬರುವಾಗ ಸಿಳ್ಳಿನ ಸ್ವರ ಏರುವುದನ್ನೂ ದೂರ ಹೋಗುವಾಗ ಇಳಿಯುವುದನ್ನೂ ತರಗತಿಯಲ್ಲಿ ನಾನು ಬಾಯಿಂದಲೇ ಮಾಡಿ ತೋರಿಸುತ್ತಿದ್ದುದು ನಿಮಗೆ ನೆನಪಿರಬಹುದು. ಅದೇ ತತ್ವ, ಇಲ್ಲಿ ರೈಲಿನ ಬದಲು ಹರಿಯುವ ರಕ್ತ. ತಂತ್ರಜ್ಞರು ಸಾಧನವನ್ನು ಅಲ್ಲಲ್ಲಿ ಒತ್ತಿ ನೋಡುತ್ತಿದ್ದರು. ಒತ್ತಿದಾಗ ಅಭಿಧಮನಿ ಪೂರ್ತಿ ಚಪ್ಪಟೆಯಾದರೆ ಅದು ಖಾಲಿ, ಹೆಪ್ಪಿದ್ದರೆ ಚಪ್ಪಟೆಯಾಗುವುದಿಲ್ಲ. ಇಪ್ಪತ್ತು ನಿಮಿಷ ನಾನು ಪರದೆಯ ಮೇಲಿನ ಆ ಕಪ್ಪು ವೃತ್ತಗಳು ಮುಚ್ಚಿಕೊಳ್ಳಲೆಂದು ಪ್ರಾರ್ಥಿಸುತ್ತ ಮಲಗಿದ್ದೆ. ಎಲ್ಲವೂ ಮುಚ್ಚಿಕೊಂಡವು. ಹೆಪ್ಪಿರಲಿಲ್ಲ. ಮೇಲಿನಿಂದ ಇಳಿದ ರಕ್ತ ಮೀನಖಂಡದಲ್ಲಿ ನಿಂತಿತ್ತು, ನೀವಿದ್ದರಿಂದ ಕೆರಳಿತ್ತು. "ಏನೂ ಇಲ್ಲದೆ ಬಂದೆನಲ್ಲ" ಎಂದು ನಾನು ಸಂಕೋಚಪಟ್ಟಾಗ ಡಾಕ್ಟರು ಹೇಳಿದರು: "ಇದೆಯೋ ಇಲ್ಲವೋ ಅಂತ ನಿಮ್ಮ ಮನೆಯಲ್ಲಿ ಕೂತು ನನಗೂ ಹೇಳೋಕಾಗಲ್ಲ ಸಾರ್. ಬಂದದ್ದು ಸರಿ. ಒಂದು ದಿನ ಕಾದದ್ದು ತಪ್ಪು."

ಇನ್ನು ಬಣ್ಣದ ವಿಷಯ. ಇದನ್ನು ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ.

ಚರ್ಮದಡಿಯಲ್ಲಿ ಸೋರಿದ ರಕ್ತವನ್ನು ದೇಹ ಸುಮ್ಮನೆ ಬಿಡುವುದಿಲ್ಲ. ಅಲ್ಲಿಯ ಬಿಳಿಕಣಗಳು ಕೆಂಪುಕಣಗಳ ಅವಶೇಷಗಳನ್ನು ನುಂಗಿ, ಹಿಮೋಗ್ಲೋಬಿನ್ನಿನ ಬಣ್ಣದ ಭಾಗವನ್ನು ಹಂತಹಂತವಾಗಿ ಒಡೆಯುತ್ತವೆ. ಮೊದಲು ಕೆನ್ನೀಲಿ. ಬಳಿಕ ಬಿಲಿವರ್ಡಿನ್ ಎಂಬ ಹಸಿರು. ಆಮೇಲೆ ಬಿಲಿರುಬಿನ್ ಎಂಬ ಹಳದಿ, ಕಾಮಾಲೆಯಲ್ಲಿ ಕಣ್ಣಿಗೇರುವ ಹಳದಿಯೂ ಇದೇ. ಉಳಿದ ಕಬ್ಬಿಣ ಕೆಲವು ದಿನ ಕಂದು ಛಾಯೆಯಾಗಿ ನಿಲ್ಲುತ್ತದೆ. ಇದನ್ನೆಲ್ಲ ನಾನು ಪುಸ್ತಕದಲ್ಲಿ ಓದಿದ್ದೆ. ಈಗ ದಿನವೂ ಕನ್ನಡಿ ಹಿಡಿದು ನನ್ನದೇ ಕಾಲಿನ ಹಿಂಭಾಗದಲ್ಲಿ ನೋಡಿದೆ, ನೋಟ್‌ಬುಕ್ಕಿನಲ್ಲಿ ಬರೆದೆ. ಆರನೆಯ ದಿನ ನೇರಳೆ. ಹತ್ತನೆಯ ದಿನ ಅಂಚುಗಳಲ್ಲಿ ಹಸಿರು. ಹದಿನಾಲ್ಕನೆಯ ದಿನ ಹಳದಿ. ಇಪ್ಪತ್ತೊಂದನೆಯ ದಿನಕ್ಕೆ ಹೆಚ್ಚುಕಡಿಮೆ ಮಾಯ.

ಆ ಹಳದಿಯನ್ನು ಕಂಡ ದಿನ ನನಗೆ ಒಬ್ಬ ಹುಡುಗನ ನೆನಪಾಯಿತು. ನೆನಪಾಯಿತೆನ್ನುವುದೂ ಪೂರ್ತಿ ಸತ್ಯವಲ್ಲ. ಮೊದಲ ದಿನ ನೇರಳೆಯ ಕಾಲನ್ನು ಕಂಡಾಗಲೇ "ಬಾಸುಂಡೆ" ಎಂಬ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡಿದ್ದೆ.

1986ರಲ್ಲಿ ಅವನು ಎಂಟನೆಯ ತರಗತಿಯಲ್ಲಿದ್ದ. ನಾನು ಬೆತ್ತದಿಂದ ಅವನ ಮೀನಖಂಡಕ್ಕೆ ನಾಲ್ಕೈದು ಏಟು ಹೊಡೆದೆ. ಯಾವ ತಪ್ಪಿಗೆ ಎಂಬುದು ಎಷ್ಟು ಯೋಚಿಸಿದರೂ ನೆನಪಿಗೆ ಬಾರದು. ಮರುದಿನ ಅವನು ಖಾಕಿ ಚಡ್ಡಿಯ ಬದಲು ತಂದೆಯ ಪೈಜಾಮವನ್ನು ಕೆಳಗೆ ಮಡಚಿ ತೊಟ್ಟುಕೊಂಡು ಬಂದ. ಸಮವಸ್ತ್ರವಿಲ್ಲವೆಂದು ಅದಕ್ಕೂ ನಾನು ಗದರಿಸಿದೆ. ಅವನು ತಲೆ ತಗ್ಗಿಸಿ ನಿಂತನೇ ಹೊರತು ಕಾರಣ ಹೇಳಲಿಲ್ಲ. ಒಂದು ವಾರಕ್ಕೂ ಹೆಚ್ಚು ದಿನ ಕಳೆದ ಮೇಲೆ ಮತ್ತೆ ಚಡ್ಡಿಯಲ್ಲಿ ಬಂದ. ಕಪ್ಪುಹಲಗೆಯ ಬಳಿಗೆ ಹೋಗುವಾಗ ಅವನ ಕಾಲಿನ ಹಿಂದೆ ಹಳದಿ ಪಟ್ಟೆಗಳು ಕಂಡವು. ನಾನು ಮುಖ ತಿರುಗಿಸಿ ಪಾಠವನ್ನು ಮುಂದುವರಿಸಿದೆ.

ನನಗೆ ಏಟೆಂದರೆ ಒಂದು ಕ್ಷಣದ ಕೆಲಸವಾಗಿತ್ತು. ಬೆತ್ತವನ್ನು ಮೇಜಿನ ಮೇಲಿಟ್ಟೊಡನೆ ನನ್ನ ಪಾಲಿಗೆ ಅದು ಮುಗಿಯುತ್ತಿತ್ತು. ಅದು ಮಗುವಿನ ಮೈಯಲ್ಲಿ ಎರಡು ವಾರ ಇರುತ್ತದೆ, ನೇರಳೆಯಿಂದ ಹಸಿರಾಗಿ, ಹಸಿರಿನಿಂದ ಹಳದಿಯಾಗಿ, ಪ್ರತಿದಿನ ಸ್ನಾನದ ಹೊತ್ತಿಗೆ ಕಾಣಿಸಿಕೊಳ್ಳುತ್ತದೆ ಎಂಬುದನ್ನು ನಾನು ಎಂದೂ ಎಣಿಸಿರಲಿಲ್ಲ. ನನ್ನ ಕಾಲಿಗೆ ಮಾತ್ರೆಯಿತ್ತು, ಅವರೆಕಾಳಿನ ಪೊಟ್ಟಣವಿತ್ತು, ದಿಂಬಿತ್ತು, ಬಂದವರೆಲ್ಲ ಅಯ್ಯೋ ಎನ್ನುತ್ತಿದ್ದರು. ಅವನಿಗೆ ಇದ್ದುದು ಒಂದು ಪೈಜಾಮ.

ಮಲಗಿದ್ದ ಆ ದಿನಗಳಲ್ಲಿ ನಿಮ್ಮಲ್ಲೇ ಒಬ್ಬರು ನೋಡಲು ಬಂದು, "ಸಾರ್, ನೀವು ಅವತ್ತು ಹೊಡೆದದ್ದಕ್ಕೇ ನಾವು ಮನುಷ್ಯರಾದದ್ದು" ಎಂದಿರಿ. ಈ ಮಾತನ್ನು ಎಷ್ಟೋ ವರ್ಷಗಳಿಂದ ಎಷ್ಟೋ ಜನರಿಂದ ಕೇಳಿ ಸಂತೋಷಪಟ್ಟಿದ್ದೇನೆ. ಅಂದು ಮಾತ್ರ ಉತ್ತರ ಕೊಡಲಾಗಲಿಲ್ಲ. ನೀವು ಮನುಷ್ಯರಾದದ್ದು ನಿಮ್ಮ ಶ್ರಮದಿಂದ, ನಿಮ್ಮ ತಂದೆತಾಯಿಯರ ಕಷ್ಟದಿಂದ. ಅದರ ಶ್ರೇಯಸ್ಸನ್ನು ಬೆತ್ತಕ್ಕೆ ಕೊಡಬೇಡಿ. ಈಗ ಕಾನೂನೇ ಅದನ್ನು ನಿಷೇಧಿಸಿದೆ, 2009ರ ಶಿಕ್ಷಣ ಹಕ್ಕು ಕಾಯಿದೆಯಲ್ಲಿ. ನಾನು ನಿವೃತ್ತನಾದದ್ದು 2007ರಲ್ಲಿ. ಕಾನೂನು ಹೇಳುವ ಮೊದಲೇ ನನಗೆ ತಿಳಿಯಬೇಕಿತ್ತು. ಆ ಹುಡುಗ ಈಗ ಎಲ್ಲಿರುವನೋ ತಿಳಿಯದು. ಇದನ್ನು ಓದಿದರೆ ಅವನಿಗೆ ತಾನೇ ಎಂದು ಗೊತ್ತಾಗುತ್ತದೆ. ಅಪ್ಪಾ, ತಪ್ಪು ನನ್ನದು. ಪೈಜಾಮ ಯಾಕೆಂದು ನಾನು ಕೇಳಬೇಕಿತ್ತು.

ಆಪರೇಷನ್ನಿಗೆ ಹೊರಟಿರುವವರಿಗೆ ಕೊನೆಯದಾಗಿ ನಾಲ್ಕು ಮಾತು. ಊತ ಮೊದಲ ಒಂದೆರಡು ವಾರ ಹೆಚ್ಚಾಗಿಯೇ ಇರುತ್ತದೆ. ಅದಾದ ಮೇಲೆ ನಿಧಾನವಾಗಿ ಇಳಿಯುತ್ತದೆ, ಆದರೆ ಪೂರ್ತಿ ಹೋಗಲು ತಿಂಗಳುಗಳು ಬೇಕು. ನನ್ನ ಮಂಡಿ ಆರು ವಾರಕ್ಕೆ 40ಕ್ಕೆ ಬಂತು, 39ಕ್ಕೆ ಬರಲು ಆರು ತಿಂಗಳು ಹಿಡಿಯಿತು. ಹೆಚ್ಚು ನಡೆದ ದಿನ ಅದು ಊದಿಕೊಂಡು, "ಇಂದು ಸಾಕು" ಎನ್ನುತ್ತಿತ್ತು. ಮಲಗಿದ್ದಾಗಲೂ ಗಂಟೆಗೊಮ್ಮೆ ಪಾದವನ್ನು ಮೇಲಕ್ಕೂ ಕೆಳಕ್ಕೂ ಆಡಿಸುತ್ತಿರಿ. ಮೀನಖಂಡ ಹಿಂಡಿದಂತೆಲ್ಲ ನಿಂತ ರಕ್ತ ಹೃದಯದ ಕಡೆಗೆ ಏರುತ್ತದೆ. ಆದರೆ ರಾತ್ರಿ ಎತ್ತರದಲ್ಲಿಟ್ಟರೂ ಇಳಿಯದ ಊತ, ಮೀನಖಂಡದ ಹೊಸ ನೋವು, ಜ್ವರ, ಹರಡುವ ಕೆಂಪು, ಗಾಯದಿಂದ ಸೋರುವಿಕೆ, ಇವುಗಳಲ್ಲಿ ಒಂದು ಕಂಡರೂ ಅದೇ ದಿನ ಡಾಕ್ಟರಿಗೆ ತಿಳಿಸಿ. ಎದೆನೋವೋ ಉಬ್ಬಸವೋ ಬಂದರೆ ಒಂದು ಕ್ಷಣವೂ ಕಾಯದೆ ಆಸ್ಪತ್ರೆಗೆ ಹೋಗಿ. ಮೀನಖಂಡಕ್ಕೆ ಎಣ್ಣೆ ಹಚ್ಚಿ ನೀವಲು ಯಾರು ಬಂದರೂ, ಎಷ್ಟೇ ಪ್ರೀತಿಯಿಂದ ಬಂದರೂ, ಬೇಡವೆನ್ನಿ.

ಮತ್ತು ಒಂದು ನೋಟ್‌ಬುಕ್ಕು ಇಟ್ಟುಕೊಳ್ಳಿ. ಬರೆದುದನ್ನು ಮನೆಯವರ ಕಣ್ಣಿಗೆ ಬೀಳುವ ಕಡೆ ಇಡಿ.

ಎಲ್ಲರಿಗೂ ಒಳ್ಳೆಯದಾಗಲಿ.

ಇಂತು,
ನಿಮ್ಮ ಮೇಷ್ಟ್ರು